ಕೋಡ್ ಎಡಿಟರುಗಳ ಪೂರ್ವೋತ್ತರ

ಪ್ರೋಗ್ರಾಮಿಂಗ್ ಕಲಿಯಲು ಹೊರಟ ವಿದ್ಯಾರ್ಥಿಯು, ಸಿ ಆಗಲಿ ಪೈಥಾನ್ ಆಗಲಿ ಯಾವುದೋ ಒಂದು ಭಾಷೆಯನ್ನು ಆರಿಸಿಕೊಂಡ ಮರುಗಳಿಗೆಯಲ್ಲೇ ಎದುರಿಸಬೇಕಾದ ಪ್ರಶ್ನೆಯೆಂದರೆ, ಆ ಕೋಡನ್ನು ಯಾವ ಎಡಿಟರಿನಲ್ಲಿ ಬರೆಯಬೇಕೆಂಬುದು. ಬಲ್ಲವರನ್ನು ಕೇಳಿದರೆ ಒಬ್ಬರು ವಿಎಸ್ ಕೋಡ್ ಎನ್ನುವರು, ಇನ್ನೊಬ್ಬರು ವಿಮ್ ಎನ್ನುವರು, ಮತ್ತೊಬ್ಬರು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಸಾಕೆನ್ನುವರು, ಹಿರಿಯರೊಬ್ಬರು ಈಮ್ಯಾಕ್ಸನ್ನು ಬಿಟ್ಟರೆ ಬೇರೆ ಗತಿಯಿಲ್ಲವೆಂದು ಆಣೆಯಿಟ್ಟು ಹೇಳುವರು. ಆದರೆ ಇವರಲ್ಲಿ ಯಾರ ಬಾಯಲ್ಲೂ ಬೆಲೆಯ ಮಾತು ಬಾರದು, ಏಕೆಂದರೆ ಇವು ನಾಲ್ಕೂ ಹಣ ತೆರದೆ ದೊರೆಯತಕ್ಕವು. ಬೆಲೆ ಮರೆಯಾದ ಮೇಲೆ ಆಯ್ಕೆಯೆಲ್ಲವೂ ರೂಪ, ವೇಗ, ಸೌಕರ್ಯ ಇವುಗಳ ಮೇಲೆ ನಿಂತಿತೆಂದು ಜನ ತಿಳಿಯುತ್ತಾರೆ. ಈ ಸಾಧನಗಳ ಅರವತ್ತು ವರ್ಷಗಳ ಚರಿತ್ರೆಯನ್ನು ಸಾವಧಾನದಿಂದ ನೋಡಿದವನಿಗಾದರೋ ಬೇರೊಂದು ಸಂಗತಿ ಎದ್ದು ಕಾಣುತ್ತದೆ: ಎಡಿಟರೊಂದು ಎಷ್ಟು ಕಾಲ ಬದುಕಿತು, ಅದನ್ನು ನಂಬಿದವರ ಶ್ರಮ ಉಳಿಯಿತೋ ಹೋಯಿತೋ ಎಂಬುದನ್ನು ಅದರ ಗುಣಾವಗುಣಗಳಿಗಿಂತ ಹೆಚ್ಚಾಗಿ ನಿಶ್ಚಯಿಸಿದ್ದು, ಅದರ ಸೋರ್ಸ್ ಕೋಡ್ ಯಾರ ವಶದಲ್ಲಿದ್ದಿತು, ಯಾವ ಕರಾರಿನ ಮೇಲೆ ಇತರರ ಕೈಗೆ ಬಂದಿತು ಎಂಬ ಅಂಶ. ಆಯುವವನಿಗೆ ಈ ಪೂರ್ವೋತ್ತರ ತಿಳಿದಿರುವುದು ಲೇಸು.

ಮೊದಮೊದಲು ಎಡಿಟರ್ ಎಂಬ ವಸ್ತುವೇ ಇರಲಿಲ್ಲ. ಪ್ರೋಗ್ರಾಮನ್ನು ರಟ್ಟಿನ ಕಾರ್ಡುಗಳಲ್ಲಿ ರಂಧ್ರಗಳಾಗಿ ಕೊರೆಯುತ್ತಿದ್ದರು. ಒಂದು ಸಾಲಿಗೆ ಒಂದು ಕಾರ್ಡು, ಕಾರ್ಡಿಗೆ 80 ಅಕ್ಷರ. ತಪ್ಪು ಬಿದ್ದರೆ ಆ ಕಾರ್ಡನ್ನು ಕಿತ್ತು ಎಸೆದು ಹೊಸದನ್ನು ಕೊರೆಯುವುದೇ ತಿದ್ದುವಿಕೆ. ಕಾಗದದ ಪಟ್ಟಿಯನ್ನು ಬಳಸುತ್ತಿದ್ದ ಕಡೆಗಳಲ್ಲಿ ಕಷ್ಟ ಇನ್ನೂ ಅಧಿಕ, ಏಕೆಂದರೆ ಅಲ್ಲಿ ನಡುವಿನ ಒಂದು ಸಾಲನ್ನು ಮಾತ್ರ ಬದಲಿಸುವುದು ಸುಲಭಸಾಧ್ಯವಾಗಿರಲಿಲ್ಲ. ಈ ಕಷ್ಟವನ್ನು ನೀಗಿಕೊಳ್ಳುವುದಕ್ಕಾಗಿಯೇ ಅಮೆರಿಕದ ಎಂಐಟಿಯಲ್ಲಿ ಡ್ಯಾನ್ ಮರ್ಫಿ ಎಂಬಾತನು 1962-63ರ ಸುಮಾರಿಗೆ ಪಿಡಿಪಿ-1 ಎಂಬ ಯಂತ್ರಕ್ಕಾಗಿ ಟೀಕೋ ಎಂಬುದನ್ನು ರಚಿಸಿದನು. ಅದರಲ್ಲಿ ಒಂದೊಂದು ಅಕ್ಷರವೂ ಒಂದೊಂದು ಆಜ್ಞೆ. ಆಜ್ಞೆಗಳ ಸಾಲನ್ನು ಬರೆದುಕೊಟ್ಟರೆ ಅದು ಕಾಗದಪಟ್ಟಿಯ ಪಠ್ಯವನ್ನು ತಿದ್ದಿ ಹೊಸ ಪಟ್ಟಿಯನ್ನು ಹೊರಡಿಸುತ್ತಿದ್ದಿತು. ತಮ್ಮ ಹೆಸರನ್ನೇ ಆಜ್ಞೆಯೆಂದು ಕೊಟ್ಟರೆ ಟೀಕೋ ಏನು ಮಾಡೀತೆಂದು ಊಹಿಸುವುದು ಅಲ್ಲಿಯ ವಿದ್ಯಾರ್ಥಿಗಳಿಗೆ ಒಂದು ವಿನೋದವಾಗಿದ್ದಿತಂತೆ.

ಇನ್ನೊಂದು ಶಾಖೆ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ಮೊಳೆಯಿತು. ಅಲ್ಲಿ ಬಟ್ಲರ್ ಲ್ಯಾಂಪ್‌ಸನ್ ಮತ್ತು ಪೀಟರ್ ಡಾಯ್ಚ್ ರಚಿಸಿದ ಕ್ಯೂಇಡಿ ಎಂಬುದನ್ನು ಕಂಡಿದ್ದ ಕೆನ್ ಥಾಂಪ್‌ಸನ್, ಬೆಲ್ ಪ್ರಯೋಗಾಲಯಕ್ಕೆ ಹೋದ ಬಳಿಕ ಅದನ್ನು ಹೊಸದಾಗಿ ಬರೆದು, ಪಠ್ಯದಲ್ಲಿ ಒಂದು ನಿರ್ದಿಷ್ಟ ಪದಕ್ಕೆ ಬದಲಾಗಿ ಒಂದು ಮಾದರಿಯನ್ನೇ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಪದ್ಧತಿಯನ್ನು ಅದಕ್ಕೆ ಸೇರಿಸಿದನು. 1969ರಲ್ಲಿ, ಬಳಕೆ ತಪ್ಪಿದ್ದ ಒಂದು ಪಿಡಿಪಿ-7 ಯಂತ್ರದ ಮೇಲೆ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕೆಲವೇ ವಾರಗಳಲ್ಲಿ ಕಟ್ಟಿ ನಿಲ್ಲಿಸಿದಾಗ, ಆ ವ್ಯವಸ್ಥೆಯ ಮೊದಲ ಅಂಗಗಳಲ್ಲಿ ಒಂದಾಗಿ ಅವನು ಬರೆದುದು ಎಡ್ ಎಂಬ ಎಡಿಟರ್. ಪ್ರೋಗ್ರಾಮನ್ನು ಬರೆಯಲು ಸಾಧನವಿಲ್ಲದೆ ಉಳಿದ ಪ್ರೋಗ್ರಾಮುಗಳು ಹುಟ್ಟುವುದೆಂತು?

ಎಡ್‌ನ ಬಳಕೆ ಹೇಗಿದ್ದಿತೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ, ಏಕೆಂದರೆ ಮುಂದಿನ ಎಲ್ಲ ಎಡಿಟರುಗಳ ನಡೆನುಡಿಗಳಲ್ಲಿ ಇದರ ಗುರುತು ಉಳಿದಿದೆ. ಬಳಸುವವನ ಮುಂದೆ ಪರದೆಯಿರಲಿಲ್ಲ. ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರವಿದ್ದಿತು. ಅದು ಸೆಕೆಂಡಿಗೆ 10 ಅಕ್ಷರಗಳಂತೆ ಕಾಗದದ ಮೇಲೆ ಅಚ್ಚೊತ್ತುತ್ತಿದ್ದಿತು. ಐದನೆಯ ಸಾಲಿನಲ್ಲಿ ಒಂದು ಪದ ತಪ್ಪಾಗಿ ಬಿದ್ದಿದೆಯೆಂದಿಟ್ಟುಕೊಳ್ಳೋಣ. 5 ಎಂದು ಒತ್ತಿ ರಿಟರ್ನ್ ಕೀಲಿಯನ್ನು ತಟ್ಟಿದರೆ ಯಂತ್ರವು ಐದನೆಯ ಸಾಲನ್ನು ಅಚ್ಚುಮಾಡಿ ಸುಮ್ಮನಾಗುವುದು. ಬಳಿಕ ಎಸ್ ಅಕ್ಷರ, ಒಂದು ಓರೆಗೆರೆ, ತಪ್ಪು ರೂಪ, ಮತ್ತೆ ಓರೆಗೆರೆ, ಸರಿಯಾದ ರೂಪ, ಮತ್ತೊಂದು ಓರೆಗೆರೆ, ಕಡೆಯಲ್ಲಿ ಪಿ ಎಂದು ಕೊಟ್ಟರೆ ತಿದ್ದಿದ ಸಾಲು ಅಚ್ಚಾಗಿ ಬರುವುದು. ಡಬ್ಲ್ಯೂ ಎಂದರೆ ಕಡತವು ಸಂಗ್ರಹವಾಗಿ, ಅದರಲ್ಲಿರುವ ಅಕ್ಷರಗಳ ಸಂಖ್ಯೆ ಮಾತ್ರ ಕಾಗದದ ಮೇಲೆ ಮೂಡುವುದು. ಕ್ಯೂ ಎಂದರೆ ಮುಕ್ತಾಯ. ಆಜ್ಞೆ ತಪ್ಪಿದರೆ ಯಂತ್ರದ ಉತ್ತರ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ. ತಪ್ಪೇನೆಂದು ಬಳಸುವವನೇ ಊಹಿಸಿಕೊಳ್ಳತಕ್ಕದ್ದು. ಕತ್ತಲೆಯ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಡಿಸಿಟ್ಟ ಸೀರೆಗಳನ್ನು ಬೆರಳಿನಿಂದ ಎಣಿಸಿ ಬೇಕಾದುದನ್ನು ಎಳೆದುಕೊಳ್ಳುವ ಹೆಂಗಸಿನಂತೆ, ಎಡ್ ಬಳಸುವವನು ಇಡೀ ಕಡತವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಸಾಲಿನ ಸಂಖ್ಯೆಯಿಂದಲೇ ಅದನ್ನು ಮುಟ್ಟಬೇಕಾಗಿದ್ದಿತು. ಈ ಮಿತಭಾಷೆಯನ್ನು ಒರಟುತನವೆಂದು ಬಗೆಯುವುದು ತಪ್ಪಾದೀತು. ಎಪ್ಪತ್ತು ಅಕ್ಷರಗಳ ಒಂದು ಸಾಲು ಅಚ್ಚಾಗುವುದಕ್ಕೆ ಏಳು ಸೆಕೆಂಡು ಹಿಡಿಯುವಾಗ, ಹೆಚ್ಚು ಮಾತಾಡದಿರುವುದೇ ಬಳಸುವವನಿಗೆ ಯಂತ್ರವು ತೋರಬಹುದಾದ ದಾಕ್ಷಿಣ್ಯ. ಹುಡುಕಿ ಬದಲಿಸುವ ಆ ಓರೆಗೆರೆಗಳ ಪದ್ಧತಿಯನ್ನು ಇಂದಿಗೂ ವಿಮ್ ಬಳಸುವವರು ದಿನವೂ ಬರೆಯುತ್ತಿದ್ದಾರೆ.

ಪರದೆಗಳು ಬಂದ ಕಾಲಕ್ಕೆ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕೂಲೂರಿಸ್ ಎಂಬ ಅಧ್ಯಾಪಕನು ಎಡ್‌ಗೆ ಸುಧಾರಣೆ ಮಾಡಿ, ತಿದ್ದುತ್ತಿರುವ ಸಾಲು ಕಣ್ಣಿಗೆ ಕಾಣುವಂತೆ ಮಾಡಿದ ಇಎಂ ಎಂಬುದನ್ನು ರಚಿಸಿದನು. ಸಾಮಾನ್ಯ ಮನುಷ್ಯರಿಗಾಗಿ ರಚಿಸಿದ ಎಡಿಟರೆಂಬುದು ಅವನಿಟ್ಟ ಹೆಸರಿನ ಇಂಗಿತ. 1976ರ ಬೇಸಿಗೆಯಲ್ಲಿ ಅವನು ಬರ್ಕ್‌ಲಿಗೆ ಹೋಗಿದ್ದಾಗ ಅದನ್ನು ಕಂಡ ಬಿಲ್ ಜಾಯ್ ಎಂಬ ವಿದ್ಯಾರ್ಥಿಯು, ಚಕ್ ಹೇಲಿಯೊಡನೆ ಸೇರಿ ಅದನ್ನೇ ವಿಸ್ತರಿಸಿ ಇಎಕ್ಸ್ ಎಂಬುದನ್ನು ಬರೆದನು. ಅದರ ದೃಶ್ಯರೂಪವೇ ವಿಐ. 1979ರಲ್ಲಿ ಹೊರಬಂದ ಬರ್ಕ್‌ಲಿಯ ಎರಡನೆಯ ಯುನಿಕ್ಸ್ ಸಂಪುಟದೊಡನೆ ಅದು ವಿಶ್ವವಿದ್ಯಾನಿಲಯಗಳಿಗೆ ಹರಡಿತು. ಜಾಯ್ ಬಳಸುತ್ತಿದ್ದುದು ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಎಂಬ ಟರ್ಮಿನಲ್. ಅದರಲ್ಲಿ ಬಾಣಗಳ ಕೀಲಿಗಳು ಬೇರೆ ಇರಲಿಲ್ಲ. ಎಚ್, ಜೆ, ಕೆ, ಎಲ್ ಎಂಬ ಅಕ್ಷರಗಳ ಮೇಲೆಯೇ ಎಡ, ಕೆಳಗೆ, ಮೇಲೆ, ಬಲ ಎಂಬ ಬಾಣಗಳನ್ನು ಅಚ್ಚೊತ್ತಿದ್ದರು. ಎಸ್ಕೇಪ್ ಕೀಲಿಯು ಇಂದು ಟ್ಯಾಬ್ ಇರುವ ಸ್ಥಳದಲ್ಲಿ, ಕಿರುಬೆರಳಿಗೆ ಎಟಕುವಂತೆ ಇದ್ದಿತು. ಐವತ್ತು ವರ್ಷಗಳ ಬಳಿಕ, ಆ ಟರ್ಮಿನಲನ್ನು ಕಣ್ಣಿನಿಂದಲೂ ಕಾಣದ ಬೆಂಗಳೂರಿನ ಎಂಜಿನಿಯರನು ತನ್ನ ಲ್ಯಾಪ್‌ಟಾಪಿನಲ್ಲಿ ಬಾಣದ ಕೀಲಿಗಳಿದ್ದಾಗ್ಯೂ ಜೆ ಕೀಲಿಯನ್ನು ಒತ್ತಿ ಕೆಳಕ್ಕಿಳಿಯುತ್ತಾನೆ. ಒಂದು ಕಾಲದ ಯಂತ್ರದ ಅವಯವರಚನೆಯು ಮನುಷ್ಯನ ಬೆರಳುಗಳಲ್ಲಿ ಹೀಗೆ ಉಳಿದುಬಂದಿರುವುದು ನನಗೆ ಎಂದೂ ಮಾಸದ ಸೋಜಿಗ. ಅಲ್ಲದೆ ಜಾಯ್ ಕೆಲಸ ಮಾಡುತ್ತಿದ್ದುದು ಮನೆಯಿಂದ, ಸೆಕೆಂಡಿಗೆ 30 ಅಕ್ಷರಗಳಷ್ಟನ್ನು ಮಾತ್ರ ತರುವ ಮೋಡೆಮಿನ ಮೂಲಕ. 24 ಸಾಲು, ಸಾಲಿಗೆ 80 ಅಕ್ಷರವೆಂದರೆ ಪರದೆಗೆ 1,920 ಅಕ್ಷರ; ಪರದೆಯನ್ನು ಒಮ್ಮೆ ಪೂರ್ತಿಯಾಗಿ ತುಂಬಲು ಒಂದು ನಿಮಿಷಕ್ಕೂ ಮಿಕ್ಕಿದ ಕಾಲ. ಒಂದೊಂದು ಆಜ್ಞೆಯೂ ಒಂದೆರಡು ಅಕ್ಷರಗಳಲ್ಲಿ ಮುಗಿಯಬೇಕು, ಪರದೆಯಲ್ಲಿ ಬದಲಾಗುವುದು ಸಾಧ್ಯವಾದಷ್ಟು ಕಡಿಮೆಯಿರಬೇಕು ಎಂಬ ನಿರ್ಬಂಧದಿಂದಲೇ ವಿಐನ ವ್ಯಾಕರಣ ರೂಪುಗೊಂಡಿತು.

ಇದೇ ಅವಧಿಯಲ್ಲಿ ಎಂಐಟಿಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ ಟೀಕೋದ ಸಂತತಿ ಬೇರೊಂದು ದಾರಿ ಹಿಡಿಯಿತು. ಅಲ್ಲಿಯವರು ಟೀಕೋ ಆಜ್ಞೆಗಳನ್ನು ಜೋಡಿಸಿ ತಮತಮಗೆ ಬೇಕಾದ ಮ್ಯಾಕ್ರೋಗಳನ್ನು ಕಟ್ಟಿಕೊಂಡಿದ್ದರು. ಒಬ್ಬನ ಆಜ್ಞೆ ಇನ್ನೊಬ್ಬನಿಗೆ ತಿಳಿಯದಂತಾಗಿದ್ದಿತು. ಅವನ್ನು ಒಂದುಗೂಡಿಸುವ ಕೆಲಸವನ್ನು ಗೈ ಸ್ಟೀಲ್ ಆರಂಭಿಸಿದನು. 1976ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅದನ್ನು ಈಮ್ಯಾಕ್ಸ್ ಎಂಬ ಹೆಸರಿನಿಂದ ಪೂರ್ಣಗೊಳಿಸಿದನು. ಬಳಸುವವನು ಎಡಿಟರನ್ನು ಎಡಿಟರಿನೊಳಗಿನಿಂದಲೇ ತಿದ್ದಿ ಬೆಳೆಸಬಹುದೆಂಬುದು ಅದರ ವೈಶಿಷ್ಟ್ಯ. ಆದರೆ ಚರಿತ್ರೆಯ ದೃಷ್ಟಿಯಿಂದ ಅದಕ್ಕಿಂತ ಗಣ್ಯವಾದುದು ಸ್ಟಾಲ್‌ಮನ್ ಅದನ್ನು ಹಂಚಿದ ಕರಾರು: ಹಣ ಬೇಡ, ಆದರೆ ನೀವು ಮಾಡಿದ ಸುಧಾರಣೆಯನ್ನು ನನಗೆ ಹಿಂದಿರುಗಿಸತಕ್ಕದ್ದು, ಅದು ಎಲ್ಲರಿಗೂ ಸಲ್ಲುವುದು. ಆ ಪ್ರಯೋಗಾಲಯದ ಐಟಿಎಸ್ ವ್ಯವಸ್ಥೆಯಲ್ಲಿ ಪಾಸ್‌ವರ್ಡುಗಳೇ ಇರಲಿಲ್ಲವೆಂದ ಮೇಲೆ, ಅಲ್ಲಿ ಈ ಧರ್ಮವು ಸಹಜವಾಗಿಯೇ ನಡೆಯಿತು. ಹೊರಗಿನ ಲೋಕದಲ್ಲಿ ನಡೆಯಲಿಲ್ಲ.

ಕಾರ್ನಿಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಜೇಮ್ಸ್ ಗಾಸ್ಲಿಂಗ್, ಮುಂದೆ ಜಾವಾ ಭಾಷೆಯನ್ನು ರಚಿಸಿದವನು, 1981ರಲ್ಲಿ ಯುನಿಕ್ಸಿಗಾಗಿ ಸಿ ಭಾಷೆಯಲ್ಲಿ ಒಂದು ಈಮ್ಯಾಕ್ಸನ್ನು ಬರೆದನು. ಕೆಲವು ಕಾಲ ಅದು ಕೈಯಿಂದ ಕೈಗೆ ಸರಾಗವಾಗಿ ಹೋಯಿತು; 1983ರಲ್ಲಿ ಅವನು ಅದರ ಹಕ್ಕನ್ನು ಯುನಿಪ್ರೆಸ್ ಎಂಬ ಕಂಪನಿಗೆ ಮಾರಿದನು. ಇತ್ತ ಸ್ಟಾಲ್‌ಮನ್ 1983ರ ಸೆಪ್ಟೆಂಬರಿನಲ್ಲಿ ಯುನಿಕ್ಸಿನಂಥ ಮುಕ್ತ ವ್ಯವಸ್ಥೆಯೊಂದನ್ನು ಕಟ್ಟುವ ಜಿಎನ್‌ಯು ಯೋಜನೆಯನ್ನು ಘೋಷಿಸಿ, ಎಂಐಟಿಯ ನೌಕರಿಯನ್ನು ಬಿಟ್ಟು, 1984ರಲ್ಲಿ ಹೊಸ ಈಮ್ಯಾಕ್ಸನ್ನು ಬರೆಯಲಾರಂಭಿಸಿದಾಗ, ಪರದೆಗೆ ಸಂಬಂಧಿಸಿದ ಭಾಗದಲ್ಲಿ ಗಾಸ್ಲಿಂಗನ ಕೋಡನ್ನು ಬಳಸಿಕೊಂಡಿದ್ದನು. ಹಂಚುವುದನ್ನು ನಿಲ್ಲಿಸಬೇಕೆಂದು ಕಂಪನಿಯಿಂದ ಸೂಚನೆ ಬಂದಿತು. ಅವನು 1985ರಲ್ಲಿ ಆ ಭಾಗವನ್ನೆಲ್ಲ ಕಿತ್ತು ಹೊಸದಾಗಿ ಬರೆದನು. ನಿನ್ನೆಯವರೆಗೆ ಎಲ್ಲರೂ ಸ್ವಚ್ಛಂದವಾಗಿ ಬಳಸುತ್ತಿದ್ದ ಕೋಡಿಗೆ ಇಂದು ಒಡೆಯನೊಬ್ಬನು ಹುಟ್ಟಬಹುದೆಂಬ ಈ ಅನುಭವವು ಸಣ್ಣದಾಗಿರಲಿಲ್ಲ. ಬಾಯಿಮಾತಿನ ಸೌಜನ್ಯವನ್ನು ನಂಬಿದರೆ ಸಾಲದು, ಲಿಖಿತವಾದ ಕರಾರು ಬೇಕೆಂಬ ನಿರ್ಧಾರ ಬಲಿತು, ಮೊದಲು ಈಮ್ಯಾಕ್ಸಿಗಾಗಿಯೇ ಒಂದು ಲೈಸೆನ್ಸನ್ನೂ, 1989ರಲ್ಲಿ ಎಲ್ಲ ಪ್ರೋಗ್ರಾಮುಗಳಿಗೂ ಅನ್ವಯಿಸುವ ಜಿಪಿಎಲ್ ಎಂಬ ಸಾಮಾನ್ಯ ಲೈಸೆನ್ಸನ್ನೂ ಅವನು ರೂಪಿಸಿದನು: ಯಾರು ಬೇಕಾದರೂ ಬಳಸಬಹುದು, ಓದಬಹುದು, ತಿದ್ದಬಹುದು, ಹಂಚಬಹುದು, ತಿದ್ದಿ ಹಂಚಿದವನು ಇದೇ ಸ್ವಾತಂತ್ರ್ಯವನ್ನು ಮುಂದಿನವನಿಗೂ ಕೊಡಬೇಕು. ಇಂದು ಲಿನಕ್ಸಿನ ಕರ್ನೆಲ್ ನಿಂತಿರುವುದು ಈ ಲೈಸೆನ್ಸಿನ ಮೇಲೆಯೇ. ಪ್ರಪಂಚದ ಎಷ್ಟೋ ಗಣಕವ್ಯವಹಾರಕ್ಕೆ ಆಧಾರವಾದ ಒಂದು ನ್ಯಾಯಶಾಸನದ ಮೂಲವು ಎಡಿಟರೊಂದರ ವ್ಯಾಜ್ಯದಲ್ಲಿದೆಯೆಂಬುದನ್ನು ಎಡಿಟರ್ ಆಯುವವರು ಅರಿತಿರಬೇಕೆಂದು ನನಗೆ ತೋರುತ್ತದೆ. ಮತ್ತೊಂದು ಅಂಶ: ಸ್ಟಾಲ್‌ಮನ್ ಆಗ ಈಮ್ಯಾಕ್ಸಿನ ಟೇಪನ್ನು 150 ಡಾಲರಿಗೆ ಮಾರಿ ಜೀವಿಸುತ್ತಿದ್ದನು. ಹಣ ತೆತ್ತು ಕೊಂಡವನಿಗೂ ಸರ್ವಸ್ವಾತಂತ್ರ್ಯವಿದ್ದಿತು. ಅದೇ ವೇಳೆಗೆ ಬೇರೆ ಎಷ್ಟೋ ಪ್ರೋಗ್ರಾಮುಗಳನ್ನು ಹಣವಿಲ್ಲದೆ ಪಡೆದವನಿಗೆ ಯಾವ ಸ್ವಾತಂತ್ರ್ಯವೂ ಇರಲಿಲ್ಲ.

ವಿಐನ ಪಾಡನ್ನು ನೋಡಿದರೆ ಕೋಡಿನ ಒಡೆತನದ ಮಹತ್ವ ಇನ್ನೂ ವಿಶದವಾಗುತ್ತದೆ. ಅದು ಬರ್ಕ್‌ಲಿಯಲ್ಲಿ ಬೆಳೆದುದಾದರೂ ಅದರ ಒಡಲಿನಲ್ಲಿ ಎಡ್‌ನ ಕೋಡ್ ಬೆರೆತಿದ್ದಿತು; ಎಡ್ ಎಟಿ ಅಂಡ್ ಟಿ ಕಂಪನಿಯ ಸೊತ್ತು. ಆದಕಾರಣ ಯುನಿಕ್ಸಿನ ಲೈಸೆನ್ಸ್ ಕೊಂಡವರಲ್ಲದೆ ಉಳಿದವರು ವಿಐನ ಸೋರ್ಸ್ ಕೋಡನ್ನು ಮುಟ್ಟುವಂತಿರಲಿಲ್ಲ. ಸಾವಿರಾರು ಜನರ ಬೆರಳುಗಳಿಗೆ ಅಭ್ಯಾಸವಾಗಿಹೋದ ಸಾಧನವು ಹೊಸ ಯಂತ್ರಗಳಿಗೆ ಬರಲಾರದೆ ನಿಂತಾಗ, ಅದನ್ನು ಪ್ರೀತಿಸಿದವರು ಅದರ ಒಂದು ಸಾಲನ್ನೂ ಬಳಸದೆ, ನಡವಳಿಕೆಯನ್ನು ಮಾತ್ರ ಅನುಕರಿಸಿ ಹೊಸದಾಗಿ ಬರೆಯತೊಡಗಿದರು: ಅಟಾರಿ ಯಂತ್ರಕ್ಕಾಗಿ ಸ್ಟೀವಿ, ಆ ಬಳಿಕ ಎಲ್ವಿಸ್, ಬರ್ಕ್‌ಲಿಯಲ್ಲೇ ಕೀತ್ ಬಾಸ್ಟಿಕ್ ಬರೆದ ಎನ್‌ವಿಐ. ಮೂಲದ ವಿಐ ಮುಕ್ತವಾದುದು 2002ರಲ್ಲಿ, ಹಳೆಯ ಯುನಿಕ್ಸಿನ ಹಕ್ಕನ್ನು ಪಡೆದಿದ್ದ ಕಾಲ್ಡೆರಾ ಕಂಪನಿಯು ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಾಗ. ಅಷ್ಟುಹೊತ್ತಿಗೆ ಅದರ ಸ್ಥಾನವನ್ನು ವಿಮ್ ಆಕ್ರಮಿಸಿದ್ದಿತು.

ವಿಮ್‌ನ ಕರ್ತೃ ನೆದರ್‌ಲೆಂಡ್ಸಿನ ಬ್ರಾಮ್ ಮೂಲೆನಾರ್. 1988ರಲ್ಲಿ ಅಮಿಗಾ ಎಂಬ ಕಂಪ್ಯೂಟರನ್ನು ಕೊಂಡ ಅವನಿಗೆ ಅದರಲ್ಲಿ ವಿಐ ಇಲ್ಲದಿರುವುದು ಕೊರತೆಯಾಗಿ ಕಂಡು, ಸ್ಟೀವಿಯ ಕೋಡನ್ನು ಆಧಾರವಾಗಿಟ್ಟುಕೊಂಡು ಕೆಲಸಕ್ಕೆ ತೊಡಗಿದನು. 1991ರಲ್ಲಿ, ಅಮಿಗಾ ಬಳಕೆದಾರರಿಗೆ ಫ್ರೆಡ್ ಫಿಶ್ ಎಂಬಾತನು ಹಂಚುತ್ತಿದ್ದ ಡಿಸ್ಕುಗಳ ಮಾಲೆಯಲ್ಲಿ 591ನೆಯದರಲ್ಲಿ ವಿಮ್ ಮೊದಲ ಬಾರಿಗೆ ಲೋಕದ ಕೈಸೇರಿತು. ಅಂದಿನಿಂದ ಮೂರು ದಶಕಗಳಿಗೂ ಮೀರಿ ಅವನು ಅದನ್ನು ಕಾಪಾಡಿದನು. 1994ರಲ್ಲಿ ಉಗಾಂಡದ ದಕ್ಷಿಣದಲ್ಲಿರುವ ಕಿಬಾಲೆ ಎಂಬ ಗ್ರಾಮಕ್ಕೆ ಸ್ವಯಂಸೇವಕನಾಗಿ ಹೋಗಿ ಅಲ್ಲಿಯ ಅನಾಥ ಮಕ್ಕಳ ಸ್ಥಿತಿಯನ್ನು ಕಂಡುಬಂದ ಬಳಿಕ, ವಿಮ್ ಬಳಸುವವರು ಕೃತಜ್ಞತೆಯನ್ನು ತೋರಿಸಬಯಸಿದರೆ ಆ ಮಕ್ಕಳಿಗೆ ನೆರವಾಗಬೇಕೆಂದು ಕೇಳಿಕೊಂಡನು; ಕಡತವಿಲ್ಲದೆ ವಿಮ್ ತೆರೆದಾಗ ಬರಿಯ ಪರದೆಯ ನಡುವೆ ಉಗಾಂಡದ ಬಡಮಕ್ಕಳಿಗೆ ಸಹಾಯ ಮಾಡಿರೆಂಬ ಒಂದು ಸಾಲು ಕಾಣುವುದನ್ನು ನಮ್ಮಲ್ಲಿ ಅನೇಕರು ಗಮನಿಸಿದ್ದಾರೆ. ಈ ವ್ಯಾಪಾರದ ಲೋಕದಲ್ಲಿ ಅಷ್ಟು ನಿರ್ಮಲವಾದ ಬೇಡಿಕೆ ಮತ್ತೊಂದನ್ನು ನಾನರಿಯೆ. ಮೂಲೆನಾರ್ 2023ರ ಆಗಸ್ಟ್ 3ರಂದು ತೀರಿಕೊಂಡನು. ಒಬ್ಬನ ಮೇಲೆ ನಿಂತ ಸಾಧನವು ಅವನೊಡನೆಯೇ ಹೋಗಬೇಕಾಗಿದ್ದಿತು, ಹೋಗಲಿಲ್ಲ. ಸೋರ್ಸ್ ಕೋಡ್ ಎಲ್ಲರ ಬಳಿ ಇದ್ದುದರಿಂದ ಸಹೋದ್ಯೋಗಿಗಳು ಕೆಲಸವನ್ನು ಮುಂದುವರಿಸಿ, 2024ರ ಜನವರಿಯಲ್ಲಿ ಹೊರತಂದ 9.1ನೆಯ ಆವೃತ್ತಿಯನ್ನು ಅವನಿಗೆ ಅರ್ಪಿಸಿದರು. 2014ರಲ್ಲಿ ಬ್ರೆಜಿಲಿನ ಥಿಯಾಗೊ ಡಿ ಅರುಡಾ ಎಂಬಾತನು ವಿಮ್‌ನಿಂದ ಕವಲೊಡೆಸಿದ ನಿಯೋವಿಮ್ ಕೂಡ ಸ್ವತಂತ್ರವಾಗಿ ಬೆಳೆಯುತ್ತಿದೆ.

ವಿಐ ಮೇಲೋ ಈಮ್ಯಾಕ್ಸ್ ಮೇಲೋ ಎಂಬ ಪಂಡಿತರ ಕಲಹವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಎರಡೂ ಬದುಕಿರುವುದೇ ಅದಕ್ಕೆ ಉತ್ತರ.

ಸಣ್ಣ ಕಂಪ್ಯೂಟರುಗಳ ಯುಗದಲ್ಲಿ ಸನ್ನಿವೇಶ ಬೇರೆಯಾಯಿತು. 1983ರಲ್ಲಿ ಬೋರ್ಲೆಂಡ್ ಕಂಪನಿಯು 49.95 ಡಾಲರಿಗೆ ಮಾರಿದ ಟರ್ಬೊ ಪ್ಯಾಸ್ಕಲ್, ಎಡಿಟರನ್ನೂ ಕಂಪೈಲರನ್ನೂ ಒಂದೇ ಪರದೆಯೊಳಗೆ ತಂದು ಲೋಕವನ್ನು ಬೆರಗುಗೊಳಿಸಿತು. ಅದರ ಸಹೋದರನಾದ ಟರ್ಬೊ ಸಿ ಮತ್ತು ಅದರ ಉತ್ತರಾಧಿಕಾರಿ ಟರ್ಬೊ ಸಿ ಪ್ಲಸ್ ಪ್ಲಸ್ ನಮ್ಮ ಕಾಲೇಜುಗಳ ಲ್ಯಾಬುಗಳಿಗೆ ಬಂದು, ನೀಲಿ ಪರದೆಯ ಆ ಎಡಿಟರಿನಲ್ಲಿ ಕರ್ನಾಟಕದ ಒಂದು ತಲೆಮಾರು ತನ್ನ ಮೊದಲ ಪ್ರೋಗ್ರಾಮನ್ನು ಬರೆಯಿತು. ಅದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಬೋರ್ಲೆಂಡಿನ ಆಸಕ್ತಿ ಬೇರೆಡೆಗೆ ತಿರುಗಿತು; ಸಿ ಪ್ಲಸ್ ಪ್ಲಸ್ ಭಾಷೆಗೆ 1998ರಲ್ಲಿ ಅಂತರರಾಷ್ಟ್ರೀಯ ಪ್ರಮಾಣಸೂತ್ರ ಬಂದಿತು; ಸೋರ್ಸ್ ಕೋಡ್ ಮುಚ್ಚಿದ್ದುದರಿಂದ ಆ ಹಳೆಯ ಸಾಧನವನ್ನು ಹೊಸ ಪ್ರಮಾಣಕ್ಕೆ ತಿದ್ದುವ ಅಧಿಕಾರ ಯಾವ ಅಧ್ಯಾಪಕನಿಗೂ ಇರಲಿಲ್ಲ. ಆದಾಗ್ಯೂ ಹಣವಿಲ್ಲದೆ ಕೈಗೆ ಸಿಗುತ್ತದೆಂಬ ಕಾರಣದಿಂದ, ಹೊಸ ವಿಂಡೋಸಿನಲ್ಲಿ ಅದು ನೇರವಾಗಿ ಓಡದಾದಾಗ ಡಾಸ್‌ಬಾಕ್ಸ್ ಎಂಬ ಅನುಕರಣಯಂತ್ರದೊಳಗೆ ಅದನ್ನು ಕೂರಿಸಿ, ಆ ಪ್ರಮಾಣಸೂತ್ರದಲ್ಲಿ ಇಲ್ಲದ ‘ಕಾನಿಯೋ ಡಾಟ್ ಎಚ್’ ಮುಂತಾದ ರೂಪಗಳನ್ನು ಮಕ್ಕಳಿಗೆ ವರ್ಷಗಟ್ಟಲೆ ಕಲಿಸಿದೆವು. ಅಷ್ಟರಲ್ಲಿ ಜಿಸಿಸಿ ಎಂಬ ಮುಕ್ತ ಕಂಪೈಲರೂ ಮುಕ್ತ ಎಡಿಟರುಗಳೂ ಕೈಯಳತೆಯಲ್ಲಿಯೇ ಇದ್ದುವು. ಬೆಲೆಯೊಂದನ್ನೇ ನೋಡಿ ಮಾಡಿದ ಆಯ್ಕೆಯಿಂದಾದ ನಷ್ಟವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನಮ್ಮ ನಾಡಿನಲ್ಲಿ ಬೇರೆಯಿಲ್ಲ.

ವಿಂಡೋಸಿನಲ್ಲಿ ಬಡವರ ಬಂಧುವಾಗಿ ಒದಗಿದುದು ನೋಟ್‌ಪ್ಯಾಡ್ ಪ್ಲಸ್ ಪ್ಲಸ್. ಡಾನ್ ಹೋ ಎಂಬಾತನು ತನ್ನ ಕಚೇರಿಯಲ್ಲಿ ಬಳಸುತ್ತಿದ್ದ ಜಾವಾ ಎಡಿಟರಿನ ನಿಧಾನಗತಿಗೆ ಬೇಸತ್ತು, ನೀಲ್ ಹಾಡ್ಜ್‌ಸನ್ ಮುಕ್ತವಾಗಿ ಕೊಟ್ಟಿದ್ದ ಸಿಂಟಿಲ್ಲಾ ಎಂಬ ಅಂಗವನ್ನು ಆಧರಿಸಿ ಬಿಡುವಿನ ವೇಳೆಯಲ್ಲಿ ಅದನ್ನು ಬರೆದು, 2003ರ ನವೆಂಬರ್ 25ರಂದು ಜಿಪಿಎಲ್ ಕರಾರಿನಡಿ ಹೊರತಂದನು. ಕಡಿಮೆ ಶಕ್ತಿಯ ಯಂತ್ರದಲ್ಲಿಯೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಹಳೆಯ ಕಂಪ್ಯೂಟರುಗಳುಳ್ಳ ಶಾಲೆಗಳಿಗೆ ಇಂದಿಗೂ ಇದಕ್ಕಿಂತ ತಕ್ಕುದು ದೊರೆಯುವುದು ಕಷ್ಟ.

ಈಗಿನ ಯುಗಕ್ಕೆ ಬರೋಣ. 2014ರಲ್ಲಿ ಗಿಟ್‌ಹಬ್ ಕಂಪನಿಯು ಆಟಮ್ ಎಂಬ ಎಡಿಟರನ್ನು ಹೊರಡಿಸಿ, ಅದೇ ವರ್ಷದ ಮೇ ತಿಂಗಳಿನಲ್ಲಿ ಅದರ ಕೋಡನ್ನು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಎಂಐಟಿ ಲೈಸೆನ್ಸಿನ ಮೇಲೆ ಪ್ರಕಟಿಸಿತು. ಬ್ರೌಸರಿನ ಯಂತ್ರವನ್ನೇ ಒಡಲಾಗಿ ಮಾಡಿಕೊಂಡಿದ್ದುದು ಅದರ ವಿಶೇಷ. ವೆಬ್ ಪುಟ ಬರೆಯಬಲ್ಲವನು ಎಡಿಟರನ್ನೂ ತಿದ್ದಬಲ್ಲವನಾದನು. ಆ ಒಡಲಿಗೆ ಮುಂದೆ ಎಲೆಕ್ಟ್ರಾನ್ ಎಂಬ ಹೆಸರಾಯಿತು. ಅದೇ ಎಲೆಕ್ಟ್ರಾನಿನ ಮೇಲೆ, ಸ್ವಿಟ್ಜರ್ಲೆಂಡಿನ ಜೂರಿಕ್ಕಿನಲ್ಲಿ ಎರಿಕ್ ಗಾಮಾನ ನೇತೃತ್ವದಲ್ಲಿ ಸಿದ್ಧವಾಗುತ್ತಿದ್ದ ಎಡಿಟರನ್ನು ಕೂರಿಸಿ, ಮೈಕ್ರೋಸಾಫ್ಟ್ ಕಂಪನಿಯು 2015ರ ಏಪ್ರಿಲ್ 29ರಂದು ವಿಎಸ್ ಕೋಡನ್ನು ಪ್ರದರ್ಶಿಸಿತು; ನವೆಂಬರ್ 18ರಂದು ಕೋಡನ್ನು ಪ್ರಕಟಿಸಿತು. ಅದನ್ನು ಬರೆದಿರುವ ಟೈಪ್‌ಸ್ಕ್ರಿಪ್ಟ್ ಭಾಷೆಯ ಹಿಂದಿರುವವನು ಟರ್ಬೊ ಪ್ಯಾಸ್ಕಲಿನ ಕಂಪೈಲರನ್ನು ಬರೆದಿದ್ದ ಆಂಡರ್ಸ್ ಹೆಲ್ಸ್‌ಬರ್ಗ್ ಎಂಬುದು ಈ ವಂಶಾವಳಿಯ ಒಂದು ಸ್ವಾರಸ್ಯ.

2016ರಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಕೂಡಿ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ ಈ ಕಾಲದ ಅತ್ಯುತ್ತಮ ಕೊಡುಗೆಯೆಂದು ನನ್ನ ಮತ. ಹತ್ತು ಎಡಿಟರುಗಳೂ ಇಪ್ಪತ್ತು ಭಾಷೆಗಳೂ ಇದ್ದರೆ ಮೊದಲು ಇನ್ನೂರು ಜೋಡಣೆಗಳನ್ನು ಬರೆಯಬೇಕಾಗಿದ್ದಿತು. ಎಡಿಟರಿಗೂ ಭಾಷೆಗೂ ನಡುವೆ ಮಾತಿನ ಒಂದು ಸಾಮಾನ್ಯ ಕ್ರಮ ಏರ್ಪಟ್ಟ ಮೇಲೆ ಮೂವತ್ತು ಸಾಕಾದುವು. ಈ ಕ್ರಮವು ಎಲ್ಲರಿಗೂ ಮುಕ್ತವಾಗಿದ್ದುದರಿಂದ ನಿಯೋವಿಮ್ 2021ರಲ್ಲಿ, ಈಮ್ಯಾಕ್ಸ್ 2023ರಲ್ಲಿ ಅದನ್ನು ತಮ್ಮ ಒಡಲಿಗೇ ಸೇರಿಸಿಕೊಂಡುವು. ಮುದಿ ಎಡಿಟರುಗಳಿಗೆ ಹೊಸ ಹರೆಯ ಬಂದಿತು.

ಆಟಮ್ಮಿನ ಗತಿ ಬೇರೆ. 2018ರಲ್ಲಿ ಗಿಟ್‌ಹಬ್ಬನ್ನು ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಕೊಂಡಿತು. ಒಂದೇ ಮನೆಯಲ್ಲಿ ಎರಡು ಎಡಿಟರುಗಳು ಬಹುಕಾಲ ಬಾಳಲಿಲ್ಲ. 2022ರ ಡಿಸೆಂಬರ್ 15ರಂದು ಆಟಮ್ಮಿನ ಬಾಗಿಲು ಮುಚ್ಚಿತು. ಅದರ ಕೋಡ್ ಮುಕ್ತವಾಗಿದ್ದಿತಾಗಿ, ಬಳಕೆದಾರರು ಪಲ್ಸರ್ ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಿದರು. ಆಟಮ್ಮಿಗಾಗಿ ಮ್ಯಾಕ್ಸ್ ಬ್ರನ್ಸ್‌ಫೆಲ್ಡ್ ಬರೆದ ಟ್ರೀ-ಸಿಟ್ಟರ್ ಎಂಬ ವಾಕ್ಯವಿಶ್ಲೇಷಕವಂತೂ ನಿಯೋವಿಮ್, ಈಮ್ಯಾಕ್ಸ್ ಎರಡರಲ್ಲಿಯೂ ಇಂದು ಕೆಲಸ ಮಾಡುತ್ತಿದೆ. ಟರ್ಬೊ ಸಿ ಇಂಥ ಆಸ್ತಿಯನ್ನು ಯಾರಿಗೂ ಬಿಟ್ಟುಹೋಗಲಿಲ್ಲ.

ಇಂದು ಬಹುಜನರು ಆರಿಸುವ ವಿಎಸ್ ಕೋಡಿನ ವಿಷಯದಲ್ಲಿ ಒಂದು ವಿವೇಚನೆ ಅಗತ್ಯ. ಪ್ರಕಟವಾಗಿರುವ ಸೋರ್ಸ್ ಕೋಡಿಗೆ ಎಂಐಟಿ ಲೈಸೆನ್ಸ್ ಉಂಟು. ಆದರೆ ನಾವು ಇಳಿಸಿಕೊಳ್ಳುವ ಸಿದ್ಧರೂಪವು ಮೈಕ್ರೋಸಾಫ್ಟಿನ ಬೇರೊಂದು ಲೈಸೆನ್ಸಿನಡಿ ಬರುತ್ತದೆ. ಬಳಕೆಯ ಮಾಹಿತಿಯನ್ನು ಕಂಪನಿಗೆ ಕಳುಹಿಸುವ ಏರ್ಪಾಡು ಅದರಲ್ಲಿದೆ, ಬೇಡವೆನ್ನುವವರು ಅದನ್ನು ತಾವೇ ನಿಲ್ಲಿಸಬೇಕು. ಅದರ ಎಕ್ಸ್‌ಟೆನ್ಷನ್‌ಗಳ ಮಳಿಗೆಯನ್ನು ಇತರ ಎಡಿಟರುಗಳು ಬಳಸುವಂತಿಲ್ಲ. ಈ ಕಾರಣದಿಂದಲೇ ಅದೇ ಕೋಡಿನಿಂದ ಆ ಮಾಹಿತಿರವಾನೆಯಿಲ್ಲದ ವಿಎಸ್‌ಕೋಡಿಯಮ್ ಎಂಬ ರೂಪವೂ, ಎಕ್ಲಿಪ್ಸ್ ಫೌಂಡೇಶನ್ ನಡೆಸುವ ಓಪನ್ ವಿಎಸ್‌ಎಕ್ಸ್ ಎಂಬ ಮತ್ತೊಂದು ಮಳಿಗೆಯೂ ಹುಟ್ಟಿಕೊಂಡಿವೆ. ವಿಎಸ್ ಕೋಡನ್ನು ಬಳಸಬಾರದೆಂದು ನಾನು ಹೇಳುತ್ತಿಲ್ಲ, ಅದು ಉತ್ತಮ ಕೃತಿ. ಯಾವುದು ನಮ್ಮದು, ಯಾವುದು ಕಂಪನಿಯದು ಎಂಬುದನ್ನು ತಿಳಿದು ಬಳಸಬೇಕೆಂದಷ್ಟೆ ನನ್ನ ಮಾತು.

ಕನ್ನಡಿಗರಾದ ನಮಗೆ ಈ ಆಯ್ಕೆಯಲ್ಲಿ ಇನ್ನೊಂದು ಹೊರೆಯುಂಟು. ಎಡ್‌ನ ಕಾಲದಿಂದ ಎಡಿಟರುಗಳು ಒಂದು ಅಕ್ಷರಕ್ಕೆ ಒಂದು ಮನೆಯೆಂಬ ಲೆಕ್ಕದ ಮೇಲೆ ನಿಂತಿವೆ. ನಮ್ಮ ಲಿಪಿಗೆ ಆ ಲೆಕ್ಕ ಒಗ್ಗದು. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡಿನಲ್ಲಿ ಅದು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ ಈಕಾರದ ಗುರುತು ಎಂಬ ಆರು ಸಂಕೇತಗಳು. ಯುಟಿಎಫ್-8 ಕ್ರಮದಲ್ಲಿ ಸಂಗ್ರಹಿಸಿದರೆ ಹದಿನೆಂಟು ಬೈಟುಗಳು. ಹದಿನೆಂಟನ್ನು ಆರಾಗಿ, ಆರನ್ನು ಒಂದಾಗಿ ಕೂಡಿಸಿ ತೋರಿಸಬಲ್ಲ ಎಡಿಟರ್ ಮಾತ್ರ ನಮಗೆ ಉಪಯುಕ್ತ. ನುಡಿ, ಬರಹ ಮುಂತಾದುವುಗಳ ಹಳೆಯ ಫಾಂಟುಗಳಲ್ಲಿ ಬರೆದ ಕಡತವನ್ನು ಕೋಡ್ ಎಡಿಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳೇ ಕಾಣುತ್ತಿದ್ದ ಕಾಲವನ್ನು ಯುನಿಕೋಡ್ ದಾಟಿಸಿತು. ಈಮ್ಯಾಕ್ಸ್ 2020ರ 27ನೆಯ ಆವೃತ್ತಿಯಲ್ಲಿ ಹಾರ್ಫ್‌ಬಜ್ ಎಂಬ ಮುಕ್ತ ಅಕ್ಷರಸಂಯೋಜಕವನ್ನು ಸ್ವೀಕರಿಸಿತು. ಅದರಲ್ಲಿ ಕನ್ನಡವನ್ನು ಟೈಪ್ ಮಾಡುವ ಕ್ರಮಗಳೂ ಇವೆ, ಲೋಕದ ಭಾಷೆಗಳಲ್ಲಿ ವಂದನೆ ಹೇಳುವ ಅದರ ಕಡತದಲ್ಲಿ ಕನ್ನಡದ ‘ನಮಸ್ಕಾರ’ವೂ ಇದೆ. ಎಲೆಕ್ಟ್ರಾನಿನ ಎಡಿಟರುಗಳಲ್ಲಿ ಒತ್ತಕ್ಷರಗಳು ಸರಿಯಾಗಿಯೇ ಮೂಡುತ್ತವೆ. ಪೈಥಾನಿನ ಮೂರನೆಯ ಆವೃತ್ತಿಯಲ್ಲಿ ‘ಮೊತ್ತ’ ಎಂದು ಕನ್ನಡದಲ್ಲಿಯೇ ಹೆಸರಿಟ್ಟು ಲೆಕ್ಕ ಮಾಡಬಹುದು. ಆದರೆ ಟರ್ಮಿನಲಿನೊಳಗೆ ವಿಮ್ ತೆರೆದು ಆ ಪದವನ್ನು ಬರೆದರೆ, ಅನೇಕ ಟರ್ಮಿನಲ್ಲುಗಳಲ್ಲಿ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆಯಾಗಿ ಚೆದರುತ್ತದೆ. ಕರ್ಸರ್ ಎಲ್ಲಿದೆಯೆಂಬುದೇ ತಿಳಿಯದು.

ಈ ದೋಷವನ್ನು ಬೇರೆ ಯಾರೋ ಬಂದು ಸರಿಪಡಿಸುವರೆಂದು ಕಾಯುವುದು ಸಲ್ಲದು. ಸೋರ್ಸ್ ಕೋಡ್ ಮುಂದಿದೆ, ತಿದ್ದುವ ಹಕ್ಕನ್ನು ಲೈಸೆನ್ಸ್ ಕೊಟ್ಟಿದೆ, ತಿದ್ದಬಲ್ಲವರು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಸಾವಿರಗಟ್ಟಲೆ ಇದ್ದಾರೆ. ನೀವು ಯಾವ ಮುಕ್ತ ಎಡಿಟರನ್ನೇ ಆರಿಸಿಕೊಳ್ಳಿರಿ, ಅದರಲ್ಲಿ ಹತ್ತು ಸಾಲು ಕನ್ನಡ ಬರೆದು ನೋಡಿರಿ; ಎಲ್ಲಿ ಅಕ್ಷರ ಒಡೆಯಿತೋ ಅದರ ಚಿತ್ರವನ್ನೂ ವಿವರವನ್ನೂ ಆ ಯೋಜನೆಯವರಿಗೆ ಬರೆದು ಕಳುಹಿಸಿರಿ; ಬಲ್ಲವರಾದರೆ ತಿದ್ದುಪಡಿಯನ್ನೇ ಕಳುಹಿಸಿರಿ.